ಸಹಾಯ ಬೇಕು: ಅಪ್ಪ ದುಡ್ಡು ಕೊಟ್ಟು ಕೊಂಡ ಇ-ಪುಸ್ತಕಗಳು ನಮಗೆ ಸೇರುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ. ವಕೀಲರು, ಗ್ರಾಹಕ ಕಾನೂನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಿ.

ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಕಣ್ಣು ಮಂಜಾದ ಮೇಲೆ ಅಕ್ಷರ ದೊಡ್ಡದು ಮಾಡಿಕೊಂಡು ಟ್ಯಾಬ್‌ನಲ್ಲೇ ಓದುತ್ತಿದ್ದರು. ಒಂದು ಆ್ಯಪ್‌ನಲ್ಲಿ ಇನ್ನೂರರ ಹತ್ತಿರ ಪುಸ್ತಕ ಕೊಂಡಿದ್ದಾರೆ. ಈಗ ಅವರ ಸಿಮ್ ಬಂದ್ ಆಗಿದೆ, ಒಟಿಪಿ ಬರುವುದಿಲ್ಲ. ಆ್ಯಪ್‌ನವರಿಗೆ ಮರಣ ಪ್ರಮಾಣಪತ್ರ ಕಳಿಸಿ ಕೇಳಿದರೆ, "ಅದು ಓದುವ ಪರವಾನಗಿ ಮಾತ್ರ, ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ" ಎಂದು ಉತ್ತರಿಸಿದರು.

ಕಪಾಟಿನ ಪುಸ್ತಕಗಳಿಗೆ ಈ ತಾಪತ್ರಯವೇ ಇಲ್ಲ. ಮೊದಲ ಪುಟದಲ್ಲಿ ನೀಲಿ ಶಾಯಿಯ ಸಹಿ, ಕೊಂಡ ತಾರೀಖು, ನಡುವೆ ಗುರುತಿಗಿಟ್ಟ ಬಸ್ ಟಿಕೆಟ್. ಇಟ್ಟುಕೊಳ್ಳಬಹುದು, ಮಾರಬಹುದು, ಊರ ಗ್ರಂಥಾಲಯಕ್ಕೂ ಕೊಡಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ ಕೂಡ, ಕೃತಿಸ್ವಾಮ್ಯ ಇರುವವರಿಗೆ ಸಾರ್ವಜನಿಕರಿಗೆ ಪ್ರತಿ ಹಂಚಲು ಇರುವ ಹಕ್ಕಿನಿಂದ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಹೊರಗಿಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಂತೂ 2025ರ ಜನವರಿಯಿಂದ, ಇದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಇಂಥ ಇ-ಪುಸ್ತಕಗಳಿಗೆ 'ಖರೀದಿಸಿ' ಎಂದು ಬರೆಯುವಂತಿಲ್ಲ. ಅಪ್ಪ ಒತ್ತಿದ್ದೂ 'ಖರೀದಿಸಿ' ಗುಂಡಿಯನ್ನೇ.

ಪುಸ್ತಕ ಹೋದರೆ ಮತ್ತೆ ಕೊಳ್ಳಬಹುದು. ಆದರೆ ಅಂಚಿನಲ್ಲಿ ಅಪ್ಪ ಟೈಪ್ ಮಾಡಿದ ಟಿಪ್ಪಣಿಗಳಿವೆ, ಅವು ಅವರದೇ ಮಾತು. ಅವನ್ನಾದರೂ ವಾರಸುದಾರರಾಗಿ ಕೇಳಿ ಪಡೆಯಬಹುದೇ? 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟರೆ ಸಾಕೇ, ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬೇಕೇ? ಇ-ಪುಸ್ತಕದ ಡಿಜಿಟಲ್ ಬೀಗ ಮುರಿಯುವ ಸಾಫ್ಟ್‌ವೇರ್ ಮಾತ್ರ ಸೂಚಿಸಬೇಡಿ, ಸರಿಯಾದ ದಾರಿಯಲ್ಲೇ ಪಡೆಯಬೇಕು. ಅಮ್ಮ ದಿನಾ ಕೇಳುತ್ತಾರೆ.