ಮೂರು ವರ್ಷದವಳು, ಐದೂವರೆ ವರ್ಷದವನು: ಅವರೇ ಮಾಡುವಂಥ ಕ್ರಿಸ್‌ಮಸ್ ಕ್ರಾಫ್ಟ್ ಹೇಳಿ

ಬಣ್ಣದ ಬೆರಳು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಹತ್ತಿರ ಬಂತು. ಮನೆಯಲ್ಲಿ ಇಬ್ಬರಿದ್ದಾರೆ. ದೊಡ್ಡವನಿಗೆ ಐದೂವರೆ, ಚಿಕ್ಕವಳಿಗೆ ಈಗಷ್ಟೇ ಮೂರು ತುಂಬಿದೆ. ಇಬ್ಬರೂ ಕೂತು ಮಾಡುವಂಥ ಸುಲಭದ ಕ್ರಾಫ್ಟ್ ಬೇಕು.

ಮೊದಲು ಹೋದ ವರ್ಷದ ಕಥೆ ಹೇಳಿಬಿಡುತ್ತೇನೆ. ವಿಡಿಯೋ ನೋಡಿ ಐಸ್‌ಕ್ರೀಂ ಕಡ್ಡಿಯ ನಕ್ಷತ್ರಕ್ಕೆ ಕೈ ಹಾಕಿದೆವು. ಮೂರು ಕಡ್ಡಿ ಸೇರಿಸಿ ಒಂದು ತ್ರಿಕೋನ. ಅಂಥ ಎರಡನ್ನು ಒಂದರ ಮೇಲೊಂದು ತಿರುಗಿಸಿ ಅಂಟಿಸಿದರೆ ಆರು ಮೂಲೆಯ ನಕ್ಷತ್ರ. ನೋಡಲು ಸುಲಭವೇ. ಆದರೆ ಅಂಟು ಒಣಗುವ ತನಕ ಕಾಯುವವರು ಯಾರು? ಮಗ ನಿಮಿಷಕ್ಕೊಮ್ಮೆ ಎತ್ತಿ ನೋಡುವುದು, ಕಡ್ಡಿ ಜಾರುವುದು. ಕೊನೆಗೆ ಆದದ್ದು ನಕ್ಷತ್ರವಲ್ಲ, ಮಳೆಗೆ ಬಿದ್ದ ಬೇಲಿ. ಅವನಿಗೆ ಮಾತ್ರ ಭಾರಿ ಖುಷಿ.

ಅವನು ಮಲಗಿದ ಮೇಲೆ ನಾನೂ ಸುಮ್ನೆ ಮಲಗಬಹುದಿತ್ತು. ಮಲಗಲಿಲ್ಲ. ಎಲ್ಲ ಬಿಚ್ಚಿ, ಮೂಲೆ ಸರಿ ಮಾಡಿ, ಅವನು ಬಳಿದ ಹಸಿರಿನ ಮೇಲೆ ನೀಟಾಗಿ ಇನ್ನೊಂದು ಕೋಟ್ ಬಳಿದು ಟ್ರೀಗೆ ಕಟ್ಟಿದೆ. ಬೆಳಿಗ್ಗೆ ಎದ್ದವನು ಅದನ್ನು ನೋಡಿದ. ಟ್ರೀಯ ಹಿಂದೆ ನೋಡಿದ, ಮೇಜಿನ ಕೆಳಗೆ ಬಗ್ಗಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನಂದೆಲ್ಲಿ?" ಅಂದ. ಇದೇ ನಿಂದು ಅಂದೆ. "ಅಲ್ಲ, ಇದು ನಿಂದು" ಅಂತ ಹೇಳಿ ಆಟಕ್ಕೆ ಹೋದ.

ಈ ಸಲ ನಾನು ಕೈ ಹಾಕಬಾರದು ಅಂತ ತೀರ್ಮಾನ ಮಾಡಿದ್ದೇನೆ. ಹಾಗಾಗಿ ನಾನು ತಿದ್ದುವ ಅಗತ್ಯವೇ ಬೀಳದಂಥದ್ದು ಹೇಳಿ. ಎರಡು ಸೂಚನೆ: ಚಿಕ್ಕವಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಮತ್ತೆ ದಯವಿಟ್ಟು ಗ್ಲಿಟರ್ ಹೇಳಬೇಡಿ. ಹೋದ ವರ್ಷದ್ದು ಸೋಫಾ ಸಂದಿಯಲ್ಲಿ ಇನ್ನೂ ಮಿಂಚುತ್ತಿದೆ.

ನಿದ್ದೆಗೇಡಿ:

ಕಾಗದದ ಸರಪಳಿ ಮಾಡಿಸಿ. ಬೆರಳಿಗಿಂತ ಸ್ವಲ್ಪ ಅಗಲದ ಪಟ್ಟಿ ಕತ್ತರಿಸಿ ಕೊಡಿ, ಬಳೆ ಮಾಡಿ ಒಂದರೊಳಗೊಂದು ಸೇರಿಸುತ್ತಾ ಹೋಗಲಿ. ಅಂಟು ಒಣಗುವ ರಗಳೆ ಬೇಡ ಅಂದರೆ ನೀವು ಸ್ಟೇಪ್ಲರ್ ಹೊಡೆಯಿರಿ. ಸರಿಯಾಗಿ 24 ಬಳೆ ಇರಲಿ. ಡಿಸೆಂಬರ್ 1ರಿಂದ ದಿನಕ್ಕೊಂದು ಹರಿದರೆ ಹಬ್ಬದ ಹಿಂದಿನ ದಿನಕ್ಕೆ ಮುಗಿಯುತ್ತದೆ. "ಇನ್ನೆಷ್ಟು ದಿನ" ಅಂತ ಕೇಳಿದಾಗಲೆಲ್ಲ "ಹೋಗಿ ಎಣಿಸು" ಅಂದರಾಯ್ತು.

ಪುಟ್ಟ ಮೇಜು:

ಸರಪಳಿ ಒಳ್ಳೆಯದೇ. ಆದರೆ ಸ್ಟೇಪ್ಲರ್ ಬೇಡ ಕಣ್ರೀ. ಬಳೆ ಹರಿಯುವಾಗ ಪಿನ್ ಎಲ್ಲಿ ಬಿತ್ತೋ ಗೊತ್ತಾಗುವುದಿಲ್ಲ. ಬಾಯಿಗೆ ಹಾಕುವ ಮಗು ಬೇರೆ ಇದೆ. ಟೇಪ್ ಚೂರುಗಳನ್ನು ಮೊದಲೇ ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿಡಿ. ಒಂದೊಂದೇ ಕಿತ್ತು ಹಚ್ಚುವುದು ಮೂರು ವರ್ಷದವರಿಗೆ ಸರಪಳಿಗಿಂತ ಇಷ್ಟ.

ನಾನು ನರ್ಸರಿ ಮಕ್ಕಳಿಗೆ ಹನ್ನೊಂದು ವರ್ಷ ಪಾಠ ಹೇಳಿದವಳು. ನಿಮ್ಮ ಮಗ "ಇದು ನಿಂದು" ಅಂದದ್ದು ಓದಿ ನಗು ಬಂತು, ಸ್ವಲ್ಪ ಚುರುಕ್ ಅಂತಲೂ ಆಯ್ತು. ನಾನೂ ಸುರುವಿನಲ್ಲಿ ಹಾಗೇ ಮಾಡುತ್ತಿದ್ದೆ. ಇಪ್ಪತ್ತು ಮಕ್ಕಳ ಇಪ್ಪತ್ತು ಸಾಂತಾ, ಎಲ್ಲದರ ಕಣ್ಣೂ ಒಂದೇ ಜಾಗದಲ್ಲಿ. ಯಾಕೆಂದರೆ ಕಣ್ಣು ಅಂಟಿಸಿದ್ದು ನಾನು! ಆಮೇಲೆ ಬಿಟ್ಟುಬಿಟ್ಟೆ. ಒಬ್ಬ ಹುಡುಗ ಸಾಂತಾನ ಎರಡೂ ಕಣ್ಣನ್ನು ಟೋಪಿಯ ಮೇಲೆ ಅಂಟಿಸಿದ್ದ. ಯಾಕೋ ಅಂದರೆ, "ಚಿಮಣಿ ಒಳಗೆ ಇಳಿಯುವಾಗ ಮೇಲೆ ಕಾಣಬೇಕಲ್ಲಾ ಟೀಚರ್" ಅಂದ. ನಾನು ತಿದ್ದಿದ್ದರೆ ಈ ಉತ್ತರ ಸಿಗುತ್ತಿತ್ತಾ?

ನಿಮ್ಮ ಚಿಕ್ಕವಳಿಗೆ ಅಂಟೇ ಬೇಡದ ಕೆಲಸ ಕೊಡಿ. ಪುಸ್ತಕಕ್ಕೆ ಹಾಕುವ, ಒಂದು ಬದಿ ಅಂಟಿರುವ ಪಾರದರ್ಶಕ ಶೀಟ್ ಬರುತ್ತದಲ್ಲ, ಅದನ್ನು ಅಂಟಿನ ಬದಿ ನಿಮ್ಮ ಕಡೆ ಬರುವ ಹಾಗೆ ಕಿಟಕಿ ಗಾಜಿಗೆ ನಾಲ್ಕೂ ಮೂಲೆಗೆ ಟೇಪ್ ಹಾಕಿ ನಿಲ್ಲಿಸಿ. ಎತ್ತರ ಅವಳ ಎದೆಮಟ್ಟ. ಅದರ ಮೇಲೆ ಕಪ್ಪು ಕಾಗದದಲ್ಲಿ ಕತ್ತರಿಸಿದ ನಕ್ಷತ್ರದ ಚೌಕಟ್ಟು ಅಂಟಿಸಿ, ಬರೀ ಅಂಚು ಮಾತ್ರ. ಒಳಗೆ ತುಂಬಲು ಬಣ್ಣದ ಟಿಶ್ಯೂ ಕಾಗದ. ಕತ್ತರಿ ಬೇಡ, ಅವಳೇ ಹರಿಯಲಿ. ಹರಿಯುವುದರಲ್ಲೇ ಅರ್ಧ ಮಜಾ. ತುಂಡುಗಳು ಒಂದರ ಮೇಲೊಂದು ಬಿದ್ದಲ್ಲಿ ಬಣ್ಣ ಬೆರೆತು ಕಾಣುತ್ತದೆ. ಹಳದಿ ಮೇಲೆ ನೀಲಿ ಬಿದ್ದಲ್ಲಿ ಹಸಿರು. ಬಿಸಿಲು ಬಂದಾಗ ನೆಲದ ಮೇಲೂ ಬಣ್ಣ ಬೀಳುತ್ತದೆ. ಇದರಲ್ಲಿ ಸೊಟ್ಟ ಅನ್ನುವುದೇ ಇಲ್ಲ, ನಿಮ್ಮ ಕೈ ತುರಿಸಿದರೂ ತಿದ್ದಲು ಏನೂ ಸಿಗುವುದಿಲ್ಲ.

ಇಬ್ಬರಿಗೂ ಆಗುವುದು ಹೆಬ್ಬೆರಳ ದೀಪ. ಗಟ್ಟಿ ಕಾಗದ ಮಡಚಿ ಕಾರ್ಡ್ ಮಾಡಿ. ಮುಂದೆ ಕಪ್ಪು ಸ್ಕೆಚ್ ಪೆನ್ನಿನಿಂದ ಅಂಕುಡೊಂಕು ಗೆರೆ, ಅದೇ ವೈರ್. ಹೆಬ್ಬೆರಳನ್ನು ಬಣ್ಣಕ್ಕೆ ಅದ್ದಿ ಗೆರೆಯ ಉದ್ದಕ್ಕೂ ಒತ್ತುತ್ತಾ ಹೋದರೆ ಬಲ್ಬಿನ ಸರ. ಬಣ್ಣವನ್ನು ತಟ್ಟೆಗೆ ಸುರಿಯಬೇಡಿ. ಒದ್ದೆ ಸ್ಪಂಜಿನ ಮೇಲೆ ಹಚ್ಚಿ ಕೊಟ್ಟರೆ ಬೆರಳಿನ ಗೆರೆ ಸಮೇತ ಮೂಡುತ್ತದೆ. ಕೈ ಒರೆಸುವ ಒದ್ದೆ ಬಟ್ಟೆ ಬಣ್ಣದ ಡಬ್ಬ ತೆರೆಯುವ ಮೊದಲೇ ಪಕ್ಕದಲ್ಲಿರಲಿ. ಆಮೇಲೆ ತರುತ್ತೇನೆ ಅಂತ ಎದ್ದು ಹೋದಿರೋ, ಗೋಡೆ ಮೇಲೂ ದೀಪ ಹತ್ತಿರುತ್ತದೆ.

ಒಂದು ಸಲಕ್ಕೆ ಒಂದೇ ಕೆಲಸ, ಹದಿನೈದು ನಿಮಿಷ ಸಾಕು. ಅವಳು ಐದೇ ನಿಮಿಷಕ್ಕೆ ಎದ್ದು ಹೋದರೆ ಹೋಗಲಿ ಬಿಡಿ. ಮಣಿ, ಗುಂಡಿ, ಗೆಜ್ಜೆ ಈ ವರ್ಷ ಬೇಡವೇ ಬೇಡ. ಟಾಯ್ಲೆಟ್ ರೋಲಿನ ಕೊಳವೆಯಲ್ಲಿ ತೂರಿ ಹೋಗುವಂಥದ್ದು ಈ ವಯಸ್ಸಿನ ಮಕ್ಕಳ ಗಂಟಲಿಗೂ ಸಿಕ್ಕಿಕೊಳ್ಳಬಹುದು ಅಂತ ನಾವು ಲೆಕ್ಕ ಇಟ್ಟುಕೊಂಡಿದ್ದೆವು. ಮಿಣಮಿಣ ದೀಪದ ಬಟನ್ ಬ್ಯಾಟರಿ ಅಂತೂ ಕೈಗೇ ಸಿಗಬಾರದು. ನುಂಗಿದರೆ ಒಳಗೆ ಸುಡುತ್ತದೆ.

ಅಪ್ಪನ ಅಡ್ಡಾ:

ಟೀಚರ್ ಹೇಳಿದ ಮೇಲೆ ಜಾಸ್ತಿ ಹೇಳಲು ಏನಿದೆ. ಆದರೂ ಉಪ್ಪುಹಿಟ್ಟು ಬಿಟ್ಟರೆ ಹೇಗೆ? ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಒಂದು ಕಪ್‌ಗಿಂತ ಚೂರು ಕಮ್ಮಿ ನೀರು. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚೆನ್ನಾಗಿ ನಾದಿ, ಅರ್ಧ ಸೆಂಟಿಮೀಟರ್ ದಪ್ಪ ಲಟ್ಟಿಸಿ. ಅಚ್ಚು ಇಲ್ಲದಿದ್ದರೆ ಲೋಟದ ಬಾಯಿಂದ ಗುಂಡಗೆ ಕತ್ತರಿಸಿ. ಒಂದರ ಮೇಲೆ ಮಗುವಿನ ಅಂಗೈ ಒತ್ತಿಸಿ. ಓವನ್ ಇದ್ದರೆ 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ, ನಡುವೆ ಒಮ್ಮೆ ಮಗುಚಿ. ಬೇಗ ಆಗಲಿ ಅಂತ ಬಿಸಿ ಏರಿಸಿದರೆ ಪೂರಿಯ ಹಾಗೆ ಉಬ್ಬಿಕೊಳ್ಳುತ್ತದೆ. ಓವನ್ ಇಲ್ಲದಿದ್ದರೆ ಗಾಳಿಗೆ ಇಡಿ, ಎರಡು ಮೂರು ದಿನ ಬೇಕು, ಕೆಲವು ಸಲ ಜಾಸ್ತಿಯೇ. ಪೂರ್ತಿ ಒಣಗಿ ತಣ್ಣಗಾದ ಮೇಲಷ್ಟೇ ಬಣ್ಣ.

ಈಗ ನನ್ನ ದಡ್ಡತನ. ದಾರ ಪೋಣಿಸಲು ತೂತು ಬೇಕಲ್ಲ, ಅದನ್ನು ಹಸಿ ಇದ್ದಾಗಲೇ ಸ್ಟ್ರಾದಿಂದ ಚುಚ್ಚಬೇಕು. ನಾನು ಮರೆತೆ. ಒಣಗಿದ ಮೇಲೆ ಡ್ರಿಲ್ ತಂದೆ, ಮಹಾ ಮೇಸ್ತ್ರಿಯ ಹಾಗೆ. ಟಪ್ ಅಂತ ಬಿರುಕು ಬಿಟ್ಟು ಕಿರುಬೆರಳು ಕಡೆಯ ಭಾಗ ಕೈಯಲ್ಲೇ ಬಂತು. ಮಗಳು ಎರಡು ನಿಮಿಷ ಅತ್ತಳು. ಆಮೇಲೆ ಅದಕ್ಕೆ ಬ್ಯಾಂಡೇಜ್ ಹಾಕು ಅಂದಳು, ಹಾಕಿದೆವು. ನಾಲ್ಕು ಬೆರಳು, ಒಂದು ಬ್ಯಾಂಡೇಜ್ ಇರುವ ಆ ಅಂಗೈಯೇ ಈಗ ಪ್ರತಿ ವರ್ಷ ಡಬ್ಬದಿಂದ ಮೊದಲು ಆಚೆ ಬರುವುದು.

ಉಪ್ಪು ಅಷ್ಟು ಇರುವುದರಿಂದ ಹಸಿ ಹಿಟ್ಟನ್ನು ತಿನ್ನಲು ಬಿಡಬೇಡಿ. ಮನೆಯಲ್ಲಿ ನಾಯಿ ಇದ್ದರೆ ಟ್ರೀಯ ಕೆಳಕೊಂಬೆಗೆ ಕಟ್ಟಬೇಡಿ, ನಾಯಿಗಳಿಗೆ ಅಷ್ಟು ಉಪ್ಪು ವಿಷವೇ.

ಬಣ್ಣದ ಬೆರಳು:

ಎಲ್ಲರಿಗೂ ಥ್ಯಾಂಕ್ಸ್. ಕಿಟಕಿಯ ನಕ್ಷತ್ರ ನಿನ್ನೆಯೇ ಮಾಡಿದೆವು. ಚಿಕ್ಕವಳು ಕಾಗದ ಹರಿದದ್ದು ಇಪ್ಪತ್ತು ನಿಮಿಷ, ಅಂಟಿಸಿದ್ದು ಮೂರು ನಿಮಿಷ. ಚೌಕಟ್ಟಿನ ಒಳಗೆ ಒಂದೇ ತುಂಡು, ಉಳಿದದ್ದೆಲ್ಲ ಹೊರಗೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ, ನಿಜವಾಗಿಯೂ.

ದೊಡ್ಡವನಿಗೆ ಇದು ಪಾಪುಗಳ ಆಟವಂತೆ. ಅವನಿಗೆ ಕತ್ತರಿ ಹಿಡಿಯುವಂಥದ್ದೇ ಬೇಕು. ಹಿಮದ ಹರಳು ಕತ್ತರಿಸಿ ಕೊಟ್ಟೆ, ನಾಲ್ಕು ಮೂಲೆ ಬಂತು. ಪುಸ್ತಕದಲ್ಲಿ ಆರು ಇದೆ ಅಂತ ತಗಾದೆ. ಆರು ಬರಲು ಹೇಗೆ ಮಡಚಬೇಕು?

ಪುಟ್ಟ ಮೇಜು:

ಅವನು ಹೇಳಿದ್ದೇ ಸರಿ. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜೋಡಣೆಯಲ್ಲಿ ಕೂರುತ್ತವೆ. ಅದಕ್ಕೇ ಹರಳಿಗೆ ಆರು ತೋಳು. 1885ರಲ್ಲಿ ವಿಲ್ಸನ್ ಬೆಂಟ್ಲಿ ಅನ್ನುವ ಅಮೆರಿಕದ ರೈತ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದೇ ಒಂದು ಹರಳಿನ ಫೋಟೋ ತೆಗೆದ. ಆಮೇಲೆ ಜೀವಮಾನವಿಡೀ ಅದೇ ಕೆಲಸ, 5,000ಕ್ಕೂ ಹೆಚ್ಚು ಫೋಟೋ. ಆ ಚಿತ್ರಗಳನ್ನು ಹುಡುಕಿ ಮಗನಿಗೆ ತೋರಿಸಿ, ನೋಡಿಕೊಂಡು ತನ್ನದೇ ವಿನ್ಯಾಸ ಕತ್ತರಿಸುತ್ತಾನೆ.

ಮಡಚುವುದು ಹೀಗೆ. ತೆಳ್ಳಗಿನ ಕಾಗದವನ್ನು ತಟ್ಟೆ ಇಟ್ಟು ಗುಂಡಗೆ ಕತ್ತರಿಸಿ. ಅರ್ಧಕ್ಕೆ ಮಡಚಿ. ಆ ಅರ್ಧಚಂದ್ರವನ್ನು ಮೂರು ಪಾಲು ಅಂದುಕೊಂಡು ಎಡದ ಪಾಲು ಮೇಲೆ, ಬಲದ ಪಾಲು ಅದರ ಮೇಲೆ, ಐಸ್‌ಕ್ರೀಂ ಕೋನ್ ಸುತ್ತಿದ ಹಾಗೆ. ಅಲ್ಲಿಗೆ ನಿಲ್ಲಿಸಿ. ದೊಡ್ಡವರು ಇನ್ನೊಂದು ಸಲ ಮಡಚುತ್ತಾರೆ, ಆಗ 12 ಪದರ ಆಗಿ ಮಕ್ಕಳ ಕತ್ತರಿ ಓಡುವುದಿಲ್ಲ. ಆರು ಪದರ ಸಾಕು. ಎರಡೂ ಬದಿಯ ಮಡಿಕೆಯಿಂದ ಚೂರು ಚೂರು ಕತ್ತರಿಸಲಿ, ಮಡಿಕೆಯನ್ನು ಪೂರ್ತಿ ಕತ್ತರಿಸಿದರೆ ಮಾತ್ರ ಬಿಡಿ ಬಿಡಿ ತುಂಡಾಗುತ್ತದೆ. ಒಂದೆರಡು ಸಲ ಹಾಗಾಗಲಿ ಬಿಡಿ.

ಬಣ್ಣದ ಬೆರಳು:

ಬಂತು! ಏಳು ಮಾಡಿದ್ದಾನೆ, ಎರಡು ತುಂಡಾದವು. ತುಂಡಾದದ್ದನ್ನೂ ಕಿಟಕಿಗೆ ಅಂಟಿಸಬೇಕಂತೆ, ಅದು ಕರಗುತ್ತಿರುವ ಹಿಮವಂತೆ. ಕೆಳಗೆ ಹಾಳೆಯ ಚೂರಿನ ರಾಶಿ, ಅದರ ಮೇಲೆ ತಂಗಿ ಕುಣಿತ. ಉಪ್ಪುಹಿಟ್ಟು ನಾಳೆಗೆ. ಹೋದ ವರ್ಷದ ಕಡ್ಡಿ ನಕ್ಷತ್ರ ಡಬ್ಬದಲ್ಲಿ ಸಿಕ್ಕಿತು. ಅದನ್ನು ಬಿಚ್ಚಿ ಅವನಿಗೇ ಕೊಟ್ಟಿದ್ದೇನೆ, ಮತ್ತೆ ಬೇಲಿ ಮಾಡುತ್ತಿದ್ದಾನೆ.

ಒಂದೇ ಡೌಟು. ಉಪ್ಪುಹಿಟ್ಟು ಉಳಿದರೆ ಇಡಬಹುದಾ?

ಅಪ್ಪನ ಅಡ್ಡಾ:

ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಒಂದೆರಡು ದಿನ ಆಗುತ್ತದೆ. ನೀರು ಬಿಟ್ಟುಕೊಂಡರೆ ಸ್ವಲ್ಪ ಒಣ ಮೈದಾ ಸೇರಿಸಿ ನಾದಿ. ಡಬ್ಬದ ಮೇಲೆ "ತಿನ್ನುವುದಲ್ಲ" ಅಂತ ಬರೆದಿಡಿ. ನಮ್ಮ ಮನೆಯಲ್ಲಿ ಅದನ್ನು ರುಚಿ ನೋಡಿದ್ದು ಮಗು ಅಲ್ಲ, ನಾನು.