ಟೆಕ್ಸಸ್‌ನಲ್ಲಿ ನಗರಸಭೆ ಪ್ಲಾಸ್ಟಿಕ್ ಚೀಲ ನಿಷೇಧಿಸಬಹುದೇ? ವಕೀಲರ ಉತ್ತರ

ಪ್ರಶ್ನೆ: ಮೇಡಂ, ನಾವು ಈಚೆಗೆ ಆಸ್ಟಿನ್‌ಗೆ ಬಂದವರು. 2013ರಲ್ಲೇ ಇಲ್ಲಿ ತೆಳು ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿತ್ತಂತೆ. ಈಗ ಕೆಲವು ಅಂಗಡಿಗಳಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಚೀಲ ಕೊಡುತ್ತಾರೆ. ನಗರಸಭೆ ಏಕೆ ಸುಮ್ಮನಿದೆ?

ಉತ್ತರ: ನಗರಸಭೆಯ ಕೈ ಕಟ್ಟಿಹಾಕಿದ್ದಾರೆ. ಮೆಕ್ಸಿಕೊ ಗಡಿಯ ಲರೇಡೊ ನಗರವೂ ಇಂಥದೇ ನಿಷೇಧ ತಂದಿತ್ತು. ವ್ಯಾಪಾರಿಗಳ ಸಂಘ ಕೋರ್ಟಿಗೆ ಹೋಯಿತು. 2018ರ ಜೂನ್‌ನಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಆ ನಿಷೇಧ ಊರ್ಜಿತವಲ್ಲ ಎಂದು ಸರ್ವಾನುಮತದಿಂದ ತೀರ್ಪಿತ್ತಿತು. ಆಮೇಲೆ ಆಸ್ಟಿನ್ ಕೂಡ ತನ್ನ ನಿಷೇಧದ ಜಾರಿಯನ್ನು ಕೈಬಿಟ್ಟಿತು.

ಇದಕ್ಕೆಲ್ಲ ಮೂಲ ರಾಜ್ಯದ ಘನತ್ಯಾಜ್ಯ ಕಾಯ್ದೆಯ ಒಂದು ಸೆಕ್ಷನ್. ತ್ಯಾಜ್ಯ ನಿರ್ವಹಣೆಯ ಹೆಸರಿನಲ್ಲಿ ಯಾವುದೇ ಡಬ್ಬಿ, ಪೊಟ್ಟಣಗಳ ಮಾರಾಟ ಅಥವಾ ಬಳಕೆಯನ್ನು ರಾಜ್ಯದ ಅನುಮತಿಯಿಲ್ಲದೆ ಸ್ಥಳೀಯ ಸಂಸ್ಥೆ ತಡೆಯುವಂತಿಲ್ಲ. ‘ನಮ್ಮ ಉದ್ದೇಶ ಊರಿನ ಅಂದ, ಚೀಲವೆಂದರೆ ಪೊಟ್ಟಣವೂ ಅಲ್ಲ’ ಎಂದು ಲರೇಡೊ ವಾದಿಸಿತು. ಎರಡನ್ನೂ ಕೋರ್ಟ್ ಒಪ್ಪಲಿಲ್ಲ. ಕಾನೂನಿನ ಪದಗಳನ್ನು ಓದಿದರೆ ತೀರ್ಪು ಸರಿಯೇ. ನನಗೆ ಸಿಟ್ಟಿರುವುದು ಆ ಕಾನೂನಿನ ಮೇಲೆ: ಚರಂಡಿ ಕಟ್ಟಿಕೊಂಡಾಗ ಅದನ್ನು ಬಿಡಿಸಲು ಹಣ ಸುರಿಯಬೇಕಾದದ್ದು ನಗರ, ತೀರ್ಮಾನದ ಅಧಿಕಾರ ಮಾತ್ರ ರಾಜ್ಯದ್ದು!

ಮರುಪ್ರಶ್ನೆ: ನಿಷೇಧ ಬೇಡ, ಚೀಲಕ್ಕೆ ಹತ್ತು ಸೆಂಟ್ ಶುಲ್ಕ ವಿಧಿಸಬಹುದಲ್ಲವೇ?

ಉತ್ತರ: ಆಗದು. ಶುಲ್ಕ, ಠೇವಣಿ ಎರಡನ್ನೂ ಅದೇ ಸೆಕ್ಷನ್ ಹೆಸರಿಸಿ ತಡೆದಿದೆ. ಆದರೆ ಅಂಗಡಿಯವರು ತಾವಾಗಿಯೇ ಚೀಲ ನಿಲ್ಲಿಸಿದರೆ ಯಾವ ಅಡ್ಡಿಯೂ ಇಲ್ಲ.

ಇನ್ನೊಬ್ಬರು: ನಮ್ಮ ಕರ್ನಾಟಕದಲ್ಲಿ 2016ರಲ್ಲಿ ರಾಜ್ಯ ಸರ್ಕಾರವೇ ನಿಷೇಧ ಹೊರಡಿಸಿತ್ತು. ಇಲ್ಲಿ ತದ್ವಿರುದ್ಧವೇ? ದಾರಿಯೇ ಇಲ್ಲವೇ ಮೇಡಂ?

ಉತ್ತರ: ಹೌದು ಸರ್, ಅಲ್ಲಿ ಅಂಗಡಿಗೆ ಹೋಗಿ ದಂಡ ಹಾಕುವವರು ಪಾಲಿಕೆಯವರೇ. ಇಲ್ಲಿ ಅರಿಜೋನ, ಮಿಷಿಗನ್, ಫ್ಲೋರಿಡಾ ರಾಜ್ಯಗಳೂ ನಗರಗಳನ್ನು ಹೀಗೇ ತಡೆದಿವೆ. ಅರಿಜೋನದ ಬಿಸ್ಬೀ ಎಂಬ ಪುಟ್ಟ ಊರು, ರಾಜ್ಯದಿಂದ ಬರುವ ಅನುದಾನಕ್ಕೆ ಕತ್ತರಿ ಬೀಳುತ್ತದೆಂಬ ಭಯದಿಂದ 2017ರಲ್ಲಿ ಹಿಂದೆ ಸರಿಯಿತು. ಆದರೂ ದಾರಿಯಿದೆ. ಕೊಲರಾಡೊದಲ್ಲಿ ಇಂಥ ತಡೆ ದಶಕಗಳ ಕಾಲ ಇತ್ತು. 2021ರಲ್ಲಿ ಶಾಸಕರೇ ಅದನ್ನು ತೆಗೆಯುವ ಕಾನೂನು ಮಾಡಿದರು. 2024ರ ಜುಲೈನಿಂದ ಅಲ್ಲಿನ ನಗರಗಳು ರಾಜ್ಯಕ್ಕಿಂತ ಬಿಗಿಯಾದ ನಿಯಮವನ್ನೂ ತರಬಹುದು.

ಆದ್ದರಿಂದ ನಗರಸಭೆಯ ಮೇಲೆ ಒತ್ತಡ ಹಾಕಿ ಫಲವಿಲ್ಲ, ನಿಮ್ಮ ಕ್ಷೇತ್ರದ ರಾಜ್ಯ ಶಾಸಕರನ್ನು ಹಿಡಿಯಿರಿ. ಟೆಕ್ಸಸ್ ಶಾಸನಸಭೆಯ ಸಾಮಾನ್ಯ ಅಧಿವೇಶನ ಬೆಸ ವರ್ಷಗಳ ಜನವರಿಯಲ್ಲಿ ಮಾತ್ರ ಆರಂಭವಾಗುತ್ತದೆ. ಮಸೂದೆಗಳ ಸಲ್ಲಿಕೆ ಅದಕ್ಕೂ ಹಿಂದಿನ ನವೆಂಬರ್‌ನಲ್ಲೇ ಶುರು. ನಿಮ್ಮ ಪತ್ರ ಅದಕ್ಕೂ ಮೊದಲೇ ಅವರ ಮೇಜಿನ ಮೇಲಿರಲಿ.