ಅವ್ವನ ಹಿತ್ತಾಳೆ ಕೊಳಗಗಳನ್ನು ಯಾರಿಗೆ ಕೊಡಲಿ?

ಎಲ್ಲರಿಗೂ ನಮಸ್ಕಾರ. ಅವ್ವ ತೀರಿಕೊಂಡು ವರ್ಷವಾಯಿತು. ದಾವಣಗೆರೆಯ ವಿದ್ಯಾನಗರದ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಮೂವತ್ತು ಜನಕ್ಕೆ ಅನ್ನ ಬೇಯುವ ಹಿತ್ತಾಳೆ ಕೊಳಗಗಳು, ತಾಮ್ರದ ಹಂಡೆ, ಬೀಸುಕಲ್ಲು ಅಡುಗೆಮನೆಯ ಅರ್ಧ ಜಾಗ ಹಿಡಿದಿವೆ. ನನಗೆ ದಿನಕ್ಕೆ ಒಂದು ಪಾವು ಅಕ್ಕಿ ಸಾಕು. ತಮ್ಮ ತನಗೆ ಬೇಡ ಎಂದ.

ಪೇಟೆಯ ಅಂಗಡಿಗೆ ಒಯ್ದರೆ, ತೂಕಕ್ಕೆ ತೆಗೆದುಕೊಂಡು ಕರಗಿಸುತ್ತೇವೆ ಎಂದರು. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅವ್ವನ ಹೆಸರಿನ ಮೇಲೆ ಕೈಯಾಡಿಸಿ ವಾಪಸ್ ತಂದುಬಿಟ್ಟೆ. ಅವು ಮತ್ತೆ ಒಲೆ ಏರಬೇಕು, ನಾಲ್ಕು ಜನ ಉಣ್ಣಬೇಕು, ದುಡ್ಡು ಬೇಡ. ಆದರೆ ಒಳಗಿನ ಕಲಾಯಿ ಪೂರ್ತಿ ಹೋಗಿದೆ, ಹಾಗೆಯೇ ಹುಳಿ ಕುದಿಸಿದರೆ ಕಿಲುಬು ಬಿಡುತ್ತದೆ.

ದಾವಣಗೆರೆ, ಹರಿಹರದ ಸುತ್ತ ಇಂಥ ಪಾತ್ರೆಗಳನ್ನು ದಾಸೋಹಕ್ಕೆ ಬಳಸುವ ಮಠವಾಗಲಿ ಉಚಿತ ಹಾಸ್ಟೆಲ್ ಆಗಲಿ ಇದೆಯೇ? ಕಲಾಯಿ ಹಾಕುವವರು ಇಲ್ಲಿ ಎಲ್ಲಿ ಸಿಗುತ್ತಾರೆ?